ಒಂದು ಮನೆ, ಹದಿನಾಲ್ಕು ಒಲೆ

ಫಿಯೆಟ್, ಜೀಪ್, ಸಿಟ್ರೊಯೆನ್, ಪ್ಯೂಜೊ, ಓಪೆಲ್, ವಾಕ್ಸ್‌ಹಾಲ್, ಕ್ರೈಸ್ಲರ್, ಡಾಡ್ಜ್, ರ‍್ಯಾಮ್, ಮಾಸೆರಾಟಿ, ಆಲ್ಫಾ ರೋಮಿಯೊ, ಲ್ಯಾನ್ಸಿಯಾ, ಅಬಾರ್ತ್, ಡಿಎಸ್. ಎಣಿಸಿ ನೋಡಿ, ಹದಿನಾಲ್ಕು ಹೆಸರು. ಇಟಲಿ, ಫ್ರಾನ್ಸ್, ಜರ್ಮನಿ, ಬ್ರಿಟನ್, ಅಮೆರಿಕ ಅಂತ ಐದು ದೇಶಗಳಲ್ಲಿ ಹುಟ್ಟಿದವು. ಆದರೆ ಇವತ್ತು ಇವೆಲ್ಲಕ್ಕೂ ಮಾಲೀಕ ಒಬ್ಬನೇ. ಆ ಕಂಪನಿಯ ಹೆಸರು ಸ್ಟೆಲಾಂಟಿಸ್. 2021ರ ಜನವರಿಯಲ್ಲಿ ಫಿಯೆಟ್-ಕ್ರೈಸ್ಲರ್ ಮತ್ತು ಫ್ರಾನ್ಸಿನ ಪಿಎಸ್‌ಎ ಗುಂಪು ಒಂದಾಗಿ ಹುಟ್ಟಿದ ಅವಿಭಕ್ತ ಕುಟುಂಬ ಇದು.

ಈ ಕುಟುಂಬದಲ್ಲಿ ಈಗ ನಡೀತಿರೋ ಚರ್ಚೆ ಒಂದೇ. ಹದಿನಾಲ್ಕು ಒಲೆಗೂ ಸೌದೆ ಹಾಕೋಕೆ ಆಗುತ್ತಾ? ಆಗದಿದ್ದರೆ ಯಾವ ಒಲೆ ಆರಿಸಬೇಕು?

ಮೊದಲು ಲೆಕ್ಕ ನೋಡೋಣ. 2023ರಲ್ಲಿ ಸ್ಟೆಲಾಂಟಿಸ್‌ನ ನಿವ್ವಳ ಲಾಭ 18.6 ಬಿಲಿಯನ್ ಯೂರೊ. ನಮ್ಮ ಲೆಕ್ಕದಲ್ಲಿ ಸುಮಾರು 1.6 ಲಕ್ಷ ಕೋಟಿ ರೂಪಾಯಿ. ಆ ವರ್ಷದ ಕರ್ನಾಟಕ ಬಜೆಟ್ ಗಾತ್ರದ ಹತ್ತಿರ ಹತ್ತಿರ ಅರ್ಧ! ಮರುವರ್ಷ, 2024ರಲ್ಲಿ, ಅದೇ ಲಾಭ 5.5 ಬಿಲಿಯನ್ ಯೂರೊಗೆ ಕುಸಿಯಿತು. 2025ರ ಮೊದಲ ಆರು ತಿಂಗಳಲ್ಲಿ ಲಾಭದ ಮಾತೇ ಇಲ್ಲ, 2.3 ಬಿಲಿಯನ್ ಯೂರೊ ನಷ್ಟ. ಎರಡೇ ವರ್ಷದಲ್ಲಿ ಹೀಗೆ ಬೀಳೋಕೆ ಏನಾಯ್ತು?

ಇದನ್ನು ಅರ್ಥ ಮಾಡಿಕೊಳ್ಳೋಕೆ ಕಾರು ತಯಾರಾಗುವ ರೀತಿ ಸ್ವಲ್ಪ ಗೊತ್ತಿರಬೇಕು. ಎಂಜಿನಿಯರಿಂಗ್ ಓದಿ ಟಿವಿಗೆ ಬಂದವನು ನಾನು, ಹಾಗಾಗಿ ಈ ಭಾಗ ಹೇಳೋಕೆ ನನಗೆ ತುಸು ಹೆಚ್ಚೇ ಖುಷಿ. ಕಾರಿನ ಕೆಳಭಾಗದ ಮೂಲ ರಚನೆಗೆ ಪ್ಲಾಟ್‌ಫಾರ್ಮ್ ಅಂತಾರೆ. ಕಾರು ತಯಾರಿಕೆಯಲ್ಲಿ ದೊಡ್ಡ ಖರ್ಚು ಬೀಳೋದು ಇಲ್ಲಿ. ಅದನ್ನು ಒಮ್ಮೆ ಸಿದ್ಧ ಮಾಡಿಕೊಂಡರೆ ಮೇಲೆ ಬೇರೆ ಬೇರೆ ಬಾಡಿ ಕೂರಿಸಬಹುದು. ಒಂದೇ ಹಿಟ್ಟಲ್ಲಿ ಇಡ್ಲಿ, ದೋಸೆ, ಪಡ್ಡು ಮಾಡಿದ ಹಾಗೆ. ಪ್ಯೂಜೊ 208, ಓಪೆಲ್ ಕೋರ್ಸಾ, ಜೀಪ್ ಅವೆಂಜರ್, ಫಿಯೆಟ್ 600, ಆಲ್ಫಾ ರೋಮಿಯೊ ಜೂನಿಯರ್, ಲ್ಯಾನ್ಸಿಯಾ ಇಪ್ಸಿಲಾನ್, ಇವೆಲ್ಲದರ ಅಡಿಯಲ್ಲಿ ಇರುವುದು ಮೂಲತಃ ಒಂದೇ ಪ್ಲಾಟ್‌ಫಾರ್ಮ್.

ಖರ್ಚಿನ ದೃಷ್ಟಿಯಿಂದ ಇದು ಜಾಣತನ. ಆದರೆ ಹಿಟ್ಟು ಒಂದೇ ಆದರೂ ಹೋಟೆಲ್ ಹದಿನಾಲ್ಕು ಇದ್ದರೆ ಏನಾಗುತ್ತೆ? ಪ್ರತಿಯೊಂದಕ್ಕೂ ಬೇರೆ ಬೋರ್ಡು, ಬೇರೆ ಜಾಹೀರಾತು, ಬೇರೆ ಡೀಲರ್, ಬೇರೆ ವಿನ್ಯಾಸ ತಂಡ ಬೇಕು. ಪ್ಲಾಟ್‌ಫಾರ್ಮ್‌ನಲ್ಲಿ ಉಳಿಸಿದ ದುಡ್ಡು ಇಲ್ಲಿ ಸೋರಿ ಹೋಗುತ್ತೆ. ಕೊನೆಗೆ ಒಂದೇ ಮನೆಯ ಫಿಯೆಟ್ಟು, ಓಪೆಲ್ಲು, ಪ್ಯೂಜೊ ಒಬ್ಬನೇ ಗ್ರಾಹಕನಿಗಾಗಿ ಕಿತ್ತಾಡುತ್ತವೆ.

ಮೊದಲ ಸಿಇಒ ಕಾರ್ಲೋಸ್ ತವಾರೆಸ್ 2021ರಲ್ಲಿ ಒಂದು ಸೂತ್ರ ಮುಂದಿಟ್ಟರು. ಎಲ್ಲ ಬ್ರ್ಯಾಂಡಿಗೂ ಹತ್ತು ವರ್ಷ ಸಮಯ, ಅಷ್ಟರಲ್ಲಿ ತಮ್ಮ ಕಾಲ ಮೇಲೆ ತಾವು ನಿಂತು ತೋರಿಸಲಿ. ಹತ್ತು ವರ್ಷ ಎಲ್ಲಿ ಬಂತು? 2024ರ ಜುಲೈ ಹೊತ್ತಿಗೇ ಧಾಟಿ ಬದಲಾಯಿತು. ದುಡ್ಡು ಮಾಡದ ಬ್ರ್ಯಾಂಡ್ ಮುಚ್ಚುತ್ತೇವೆ ಅಂದರು. ಡಿಸೆಂಬರ್ 1ರಂದು ಅವರೇ ರಾಜೀನಾಮೆ ಕೊಟ್ಟು ಹೊರಟರು!

ತವಾರೆಸ್ ಖರ್ಚು ಕಡಿತದಲ್ಲಿ ನಿಪುಣ ಅಂತ ಹೆಸರು ಮಾಡಿದವರು. ಆದರೆ ಅಮೆರಿಕದಲ್ಲಿ ಬೆಲೆ ಏರುತ್ತಾ ಹೋಯಿತು, ಹೆಚ್ಚು ಜನ ಕೊಳ್ಳುತ್ತಿದ್ದ ಮಾಡೆಲ್‌ಗಳು ನಿಂತವು. ಜೀಪ್ ಚೆರೋಕಿ 2023ರಲ್ಲಿ ನಿಂತಿತು. ಡಾಡ್ಜ್ ಚಾಲೆಂಜರ್ ಕೂಡ ಅದೇ ವರ್ಷ. ರ‍್ಯಾಮ್ 1500 ಪಿಕಪ್‌ನಿಂದ ಜನರ ಅಚ್ಚುಮೆಚ್ಚಿನ ಹೆಮಿ ವಿ8 ಎಂಜಿನ್ ತೆಗೆದರು. ಗಾಡಿಗಳು ಮಾರಾಟವಾಗದೆ ಶೋರೂಮ್ ಅಂಗಳದಲ್ಲೇ ನಿಂತವು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಡೀಲರ್‌ಗಳ ಮಂಡಳಿಯೇ ತವಾರೆಸ್ ಅವರಿಗೆ ಬಹಿರಂಗ ಪತ್ರ ಬರೆಯಿತು. ಮಾರುವವನೇ ಮಾಲೀಕನ ಮೇಲೆ ದೂರು ಕೊಡ್ತಾನೆ ಅಂದರೆ ಪರಿಸ್ಥಿತಿ ಎಲ್ಲಿಗೆ ಹೋಗಿರಬೇಕು ಯೋಚಿಸಿ.

ಯುರೋಪಿನಲ್ಲಿ ಪ್ಯೂರ್‌ಟೆಕ್ ಅನ್ನೋ 1.2 ಲೀಟರ್ ಪೆಟ್ರೋಲ್ ಎಂಜಿನ್ ಕೈಕೊಟ್ಟಿತು. ಸಾಮಾನ್ಯವಾಗಿ ಟೈಮಿಂಗ್ ಬೆಲ್ಟ್ ಎಣ್ಣೆ ತಾಗದಂತೆ ಹೊರಗಿರುತ್ತದೆ. ಇದರಲ್ಲಿ ಘರ್ಷಣೆ ತಗ್ಗಿಸೋಕೆ ಬೆಲ್ಟನ್ನು ಎಂಜಿನ್ ಆಯಿಲ್‌ನಲ್ಲೇ ಓಡಿಸಿದರು. ಕಾಲಕ್ರಮೇಣ ಬೆಲ್ಟ್ ರಬ್ಬರ್ ಸವೆದು ಚೂರು ಚೂರಾಗಿ ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಂಡಿತು. ಎಣ್ಣೆ ಸಿಗದ ಎಂಜಿನ್ ಗತಿ ಏನು ಅಂತ ಯಾವ ಗ್ಯಾರೇಜ್ ಹುಡುಗನನ್ನು ಕೇಳಿದರೂ ಹೇಳ್ತಾನೆ. 2024ರಲ್ಲಿ ಕಂಪನಿ ಇದಕ್ಕೆ ಹತ್ತು ವರ್ಷದ ವಾರಂಟಿ ಘೋಷಿಸಬೇಕಾಯಿತು. ಒಂದೇ ಹಿಟ್ಟಿನ ಅಪಾಯ ಇದು. ಹಿಟ್ಟು ಹುಳಿಯಾದರೆ ಅದೇ ಹಿಟ್ಟು ತಂದ ಎಲ್ಲ ಹೋಟೆಲ್‌ಗಳ ಹೆಸರೂ ಕೆಡುತ್ತೆ.

ಹಾಗಾದರೆ ಸೋತ ಬ್ರ್ಯಾಂಡ್ ಮುಚ್ಚಿಬಿಡೋಕೆ ಏನು ಕಷ್ಟ? ಲ್ಯಾನ್ಸಿಯಾ ವರ್ಷಗಟ್ಟಲೆ ಒಂದೇ ಮಾಡೆಲ್ ಇಟ್ಟುಕೊಂಡು ಇಟಲಿಯೊಂದರಲ್ಲೇ ಉಸಿರಾಡಿತು. ಒಂದು ಕಾಲದಲ್ಲಿ ಅಮೆರಿಕದ ಮೂರು ದೈತ್ಯರಲ್ಲಿ ಒಂದಾಗಿದ್ದ ಕ್ರೈಸ್ಲರ್ ಬಳಿ ಈಗ ಉಳಿದಿರೋದು ಮಿನಿವ್ಯಾನ್ ಮಾತ್ರ. ಮಾಸೆರಾಟಿ ಮಾರಾಟ 2023ರಲ್ಲಿ 26,600 ಇದ್ದದ್ದು ಮರುವರ್ಷ 11,300ಕ್ಕೆ ಇಳಿಯಿತು.

ಮುಚ್ಚಿದವರಿದ್ದಾರೆ. ಜನರಲ್ ಮೋಟರ್ಸ್ 2009ರಲ್ಲಿ ದಿವಾಳಿಯಾದಾಗ ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್, ಸಾಬ್ ನಾಲ್ಕನ್ನೂ ಕೈಬಿಟ್ಟಿತು. ಷೆವರ್ಲೆ, ಕ್ಯಾಡಿಲಾಕ್, ಬ್ಯೂಕ್, ಜಿಎಂಸಿ ಉಳಿಸಿಕೊಂಡು ಮತ್ತೆ ಲಾಭಕ್ಕೆ ಬಂತು. ಆದರೆ ಅದು ದಿವಾಳಿ ನ್ಯಾಯಾಲಯದ ರಕ್ಷಣೆಯಲ್ಲಿ ಮಾಡಿದ ಕೆಲಸ. ಮಾಮೂಲಿ ದಿನಗಳಲ್ಲಿ ಬ್ರ್ಯಾಂಡ್ ನಿಲ್ಲಿಸಿದರೆ ಅಮೆರಿಕದ ರಾಜ್ಯಗಳ ಕಾನೂನು ಡೀಲರ್‌ಗಳ ಪರ ನಿಲ್ಲುತ್ತೆ, ದೊಡ್ಡ ಮೊತ್ತದ ಪರಿಹಾರ ಕೊಡಬೇಕು.

ಮೇಲೆ ಸರ್ಕಾರಗಳಿವೆ. ಫ್ರಾನ್ಸ್ ಸರ್ಕಾರಿ ಬ್ಯಾಂಕೇ ಸ್ಟೆಲಾಂಟಿಸ್‌ನ ಷೇರುದಾರ. ಇಟಲಿಯದ್ದು ಇನ್ನೊಂದು ಕಥೆ. 2024ರಲ್ಲಿ ಆಲ್ಫಾ ರೋಮಿಯೊ ಹೊಸ ಕಾರಿಗೆ 'ಮಿಲಾನೊ' ಅಂತ ಹೆಸರಿಟ್ಟಿತು. ಕಾರು ತಯಾರಾಗೋದು ಪೋಲೆಂಡ್‌ನಲ್ಲಿ! ಪೋಲೆಂಡ್‌ನಲ್ಲಿ ಮಾಡಿ ಇಟಲಿಯ ಊರಿನ ಹೆಸರಲ್ಲಿ ಮಾರುವುದು ಕಾನೂನಿಗೆ ವಿರುದ್ಧ ಅಂತ ಇಟಲಿಯ ಸಚಿವರು ಗುಡುಗಿದರು. ಕೆಲವೇ ದಿನದಲ್ಲಿ 'ಮಿಲಾನೊ' ಹೋಗಿ 'ಜೂನಿಯರ್' ಆಯಿತು. ನಗು ಬರಬಹುದು. ಆದರೆ ಆ ಸಿಟ್ಟಿನ ಹಿಂದೆ ಟ್ಯೂರಿನ್‌ನ ಮಿರಾಫಿಯೋರಿ ಕಾರ್ಖಾನೆಯಲ್ಲಿ ಕೆಲಸವಿಲ್ಲದೆ ಕಡಿತದ ಸಂಬಳದಲ್ಲಿ ದಿನ ದೂಡುತ್ತಿದ್ದ ಕಾರ್ಮಿಕರಿದ್ದರು. ಬ್ರ್ಯಾಂಡ್ ಮುಚ್ಚಿದಾಗ ಅನ್ನ ಕಳೆದುಕೊಳ್ಳೋರು ಅವರು.

ಇದರಲ್ಲಿ ನಮಗೇನು ಅಂತೀರಾ? ಈ ಮನೆಯ ನಂಟು ನಮಗೆ ಹಳೆಯದು. ಒಂದು ತಲೆಮಾರು 'ಫಿಯೆಟ್ ಕಾರು' ಅಂತಲೇ ಕರೆದ ಪ್ರೀಮಿಯರ್ ಪದ್ಮಿನಿ ಮೂಲತಃ ಫಿಯೆಟ್ 1100. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದಿದ್ದು 2023ರ ಅಕ್ಟೋಬರ್‌ನಲ್ಲಿ. ಮಾರುತಿ ಸ್ವಿಫ್ಟ್ ಡೀಸೆಲ್ ಓಡಿಸಿದ್ದೀರಾ? ಅದರೊಳಗಿದ್ದ 1.3 ಲೀಟರ್ ಎಂಜಿನ್ ಫಿಯೆಟ್‌ನದ್ದೇ. ಹಾಸ್ಯ ನೋಡಿ, ಎಂಜಿನ್ ಲಕ್ಷಗಟ್ಟಲೆ ಮಾರಾಟವಾಯಿತು, ಅದನ್ನು ಕಂಡುಹಿಡಿದ ಫಿಯೆಟ್‌ನ ಪುಂಟೊ, ಲೀನಿಯಾ ಕಾರುಗಳನ್ನು ಕೇಳೋರು ಕಡಿಮೆಯಾಗಿ ಕಂಪನಿ ಇಲ್ಲಿ ಅಂಗಡಿ ಎತ್ತಿತು. ನಮ್ಮ ಅಂಬಾಸಿಡರ್ ಹೆಸರನ್ನೂ 2017ರಲ್ಲಿ 80 ಕೋಟಿ ರೂಪಾಯಿಗೆ ಕೊಂಡದ್ದು ಇದೇ ಪ್ಯೂಜೊ ಬಳಗ. ಇವತ್ತು ಜೀಪ್ ಕಂಪಾಸ್ ಪುಣೆ ಬಳಿಯ ರಂಜನ್‌ಗಾಂವ್‌ನಲ್ಲಿ, ಸಿಟ್ರೊಯೆನ್ ಸಿ3 ತಮಿಳುನಾಡಿನ ತಿರುವಳ್ಳೂರಿನಲ್ಲಿ ತಯಾರಾಗುತ್ತಿವೆ.

ಭಾರತದಲ್ಲಿ ಅಂಗಡಿ ಎತ್ತಿದ ಅದೇ ಫಿಯೆಟ್ ಬ್ರೆಜಿಲ್‌ನಲ್ಲಿ ನಂಬರ್ ಒನ್. 1976ರಿಂದ ಅಲ್ಲೇ ಕಾರ್ಖಾನೆ, ಅಲ್ಲಿನ ರಸ್ತೆಗೆ, ಅಲ್ಲಿನ ಜೇಬಿಗೆ ಹೊಂದುವ ಗಾಡಿ. ಅಂದರೆ ಹೆಸರು ತಾನಾಗಿ ಸಾಯೋದಿಲ್ಲ. ಹೊಸ ಮಾಡೆಲ್ ಕೊಡದೆ, ಸರ್ವಿಸ್ ನೋಡದೆ ಬಿಟ್ಟಾಗ ಸಾಯುತ್ತೆ. ದಕ್ಷಿಣ ಅಮೆರಿಕದಲ್ಲಿ ಆ ಗೆಲುವು ಕಂಡ ಆಂಟೊನಿಯೊ ಫಿಲೋಸಾ 2025ರ ಜೂನ್‌ನಲ್ಲಿ ಸಿಇಒ ಆದರು. ಹೆಮಿ ಎಂಜಿನ್, ಜೀಪ್ ಚೆರೋಕಿ ಎರಡೂ ಮರಳಿ ಬಂದವು. ಆದರೂ ಹದಿನಾಲ್ಕಕ್ಕೂ ಹೊಸ ಮಾಡೆಲ್ ಕೊಡುವಷ್ಟು ದುಡ್ಡು ಈ ಮನೆಯಲ್ಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ನಾಲ್ಕೈದು ಒಲೆ ಚೆನ್ನಾಗಿ ಉರಿಸಿ, ಉಳಿದವನ್ನು ಮಾರುವುದೋ ಮುಚ್ಚುವುದೋ ನೇರವಾಗಿ ಹೇಳಿದರೆ ಕಾರ್ಮಿಕನಿಗೂ ಗ್ರಾಹಕನಿಗೂ ತಯಾರಾಗೋಕೆ ಸಮಯ ಸಿಗುತ್ತೆ.

ಷೆವರ್ಲೆ, ಫೋರ್ಡ್, ಫಿಯೆಟ್ ಕೊಂಡವರಿಗೆ ಈ ಮಾತಿನ ಬೆಲೆ ಗೊತ್ತು. ಕಂಪನಿ ದೇಶ ಬಿಟ್ಟ ದಿನವೇ ಸೆಕೆಂಡ್ ಹ್ಯಾಂಡ್ ಬೆಲೆ ಇಳಿಯುತ್ತೆ. ಹಾಗಾಗಿ ಹೊಸ ಕಾರು ನೋಡೋಕೆ ಹೋದಾಗ ಮೈಲೇಜ್ ಜೊತೆ ಇನ್ನೆರಡು ಪ್ರಶ್ನೆ ಕೇಳಿ. ನಮ್ಮ ಜಿಲ್ಲೆಯಲ್ಲಿ ನಿಮ್ಮ ಸರ್ವಿಸ್ ಸೆಂಟರ್ ಎಲ್ಲಿದೆ? ಮುಂದಿನ ಎರಡು ವರ್ಷಕ್ಕೆ ನಿಮ್ಮ ಹೊಸ ಮಾಡೆಲ್ ಯಾವುದು? ಸೇಲ್ಸ್‌ನವರು ಎರಡಕ್ಕೂ ತಡವರಿಸಿದರೆ, ಬುಕಿಂಗ್ ಅಡ್ವಾನ್ಸ್ ಜೇಬಲ್ಲೇ ಇರಲಿ.