ನಿಮ್ಮ ಡಿಪಾರ್ಟ್‌ಮೆಂಟ್ ಯಾವುದು?

ಸಂಶೋಧನೆ ಮಾಡುವವರು ಸಿಕ್ಕರೆ ನಾವೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ನನ್ನ ಗೆಳತಿಯೊಬ್ಬಳಿಗೆ ಇದಕ್ಕೆ ಉತ್ತರ ಹೇಳೋದೇ ಕಷ್ಟ. ಓದಿದ್ದು ಕಂಪ್ಯೂಟರ್ ಸೈನ್ಸ್, ಪಿಎಚ್.ಡಿ. ಮಾಡಿದ್ದು ಬೆಳೆ ರೋಗಗಳ ಮೇಲೆ. ಕೆಲಸದ ಸಂದರ್ಶನಕ್ಕೆ ಹೋದರೆ ಕಂಪ್ಯೂಟರ್ ವಿಭಾಗದವರು ‘ನೀವು ಕೃಷಿಯವರು’ ಅಂತಾರೆ, ಕೃಷಿಯವರು ‘ನೀವು ಕಂಪ್ಯೂಟರ್‌ನವರು’ ಅಂತಾರೆ. ಎರಡು ವಿಷಯ ಗೊತ್ತಿರೋದೇ ಅವಳಿಗೆ ಮುಳುವಾಗಿದೆ.

ವಿಭಾಗಗಳ ಗೋಡೆ ಒಡೆಯಬೇಕು ಅಂತ ವೇದಿಕೆ ಮೇಲೆ ಎಲ್ಲರೂ ಹೇಳ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಬಹುಶಿಸ್ತೀಯ ವಿಶ್ವವಿದ್ಯಾಲಯಗಳ ಬಗ್ಗೆ ಒತ್ತಿ ಹೇಳಿದೆ. ಆದರೆ ಗೋಡೆ ಒಡೆಯೋದು ಹೇಗೆ? ನಮ್ಮ ಬೆಂಗಳೂರಿನಲ್ಲೇ ಇದಕ್ಕೊಂದು ಹಳೆಯ, ಒಳ್ಳೆಯ ಉದಾಹರಣೆ ಇದೆ.

ಒಲೆಗೆ ಕೈಹಾಕಿದ ವಿಜ್ಞಾನಿಗಳು

ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ವಿದ್ಯುತ್ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು. ಅವರು 1974ರಲ್ಲಿ ‘ಅಸ್ತ್ರ’ ಎಂಬ ಕಾರ್ಯಕ್ರಮ ಶುರುಮಾಡಿದರು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ಬೇರೆ ಬೇರೆ ವಿಭಾಗಗಳವರು ಜೊತೆಗೂಡಿದರು. ಹಳ್ಳಿಗಳಿಗೆ ಹೋಗಿ ಅಳತೆ ಮಾಡಿದಾಗ ಗೊತ್ತಾಗಿದ್ದು ಇಷ್ಟು: ಅಲ್ಲಿನ ಮುಖ್ಯ ಇಂಧನ ಸೌದೆ, ಅದನ್ನು ತರೋದರಲ್ಲಿ, ನೀರು ಹೊರೋದರಲ್ಲಿ ಹೆಂಗಸರು, ಮಕ್ಕಳ ದಿನದ ಎಷ್ಟೋ ಹೊತ್ತು ಕಳೆದುಹೋಗುತ್ತಿತ್ತು.

ಕಡಿಮೆ ಸೌದೆ ಬೇಡುವ ‘ಅಸ್ತ್ರ ಒಲೆ’ ಬಂದಿದ್ದು ಇಂಥ ತಿಳಿವಳಿಕೆಯಿಂದ. ತುಮಕೂರು ಜಿಲ್ಲೆಯ ಪುರ ಹಳ್ಳಿಯ ಕಥೆ ಇನ್ನೂ ಸ್ವಾರಸ್ಯಕರ. ಸಗಣಿಯಿಂದ ಅಡುಗೆ ಅನಿಲ ಕೊಡುವುದು ಮೊದಲ ಯೋಚನೆ. ಆದರೆ ಊರಿನ ಸಗಣಿ ಎಲ್ಲರ ಅಡುಗೆಗೆ ಸಾಲುತ್ತಿರಲಿಲ್ಲ. ಜನರಿಗೆ ತುರ್ತಾಗಿ ಬೇಕಿದ್ದದ್ದೂ ಒಳ್ಳೆಯ ನೀರು. ಹಾಗಾಗಿ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ತಯಾರಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ಹರಿಸಿದರು. ಮನೆಗಳಿಗೆ ಬೆಳಕೂ ಬಂತು. ಇದೆಲ್ಲ ಆಗಿದ್ದು 1987ರ ಹೊತ್ತಿಗೆ. ಸಗಣಿ ತಂದುಕೊಟ್ಟವರಿಗೆ ದುಡ್ಡು, ಉಳಿದ ಗೊಬ್ಬರ ವಾಪಸ್ ಹೊಲಕ್ಕೆ.

ಈಗ ಹೇಳಿ, ಇದು ಯಾವ ಡಿಪಾರ್ಟ್‌ಮೆಂಟಿನ ಕೆಲಸ? ಸಗಣಿ ಕೊಳೆಯೋದು ಜೀವವಿಜ್ಞಾನ, ಎಂಜಿನ್ ಮೆಕ್ಯಾನಿಕಲ್, ಯಾರಿಗೆ ಎಷ್ಟು ಕೊಡಬೇಕು ಅನ್ನೋದು ಅರ್ಥಶಾಸ್ತ್ರ. ಊರಿನವರ ಜೊತೆ ಕೂತು ಮಾತಾಡೋದಕ್ಕೆ ಯಾವ ವಿಭಾಗವೂ ಇಲ್ಲ! ಅಸ್ತ್ರ ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿ ಬೆಳೆಯಿತು.

ಏನು ಮಾಡಬಹುದು?

ಪುರದ ಕಥೆಯಲ್ಲಿ ನನಗೆ ಕಾಣೋ ಮೊದಲ ಪಾಠ: ಜನರನ್ನು ಸೇರಿಸಿಟ್ಟು ‘ಏನಾದ್ರೂ ಮಾಡಿ’ ಅಂದರೆ ಆಗಲ್ಲ. ಒಂದು ಗಟ್ಟಿ ಸಮಸ್ಯೆ ಮುಂದಿರಬೇಕು, ಅದು ಒಬ್ಬರಿಂದ ಬಗೆಹರಿಯಬಾರದು.

ಎರಡನೆಯದು ಭಾಷೆ. ನಾನು ಡೇಟಾ ವಿಶ್ಲೇಷಣೆ ಮಾಡುವವನು. ಜೀವವಿಜ್ಞಾನಿಗಳ ಜೊತೆಗಿನ ಮೊದಲ ಮೀಟಿಂಗ್‌ನಲ್ಲಿ ಅವರು ‘ನಮ್ಮ ಮಾಡೆಲ್’ ಅಂದರೆ ಇಲಿ, ನಾವು ಅಂದರೆ ಗಣಿತದ ಸೂತ್ರ. ಅರ್ಧ ಗಂಟೆ ಇದರಲ್ಲೇ ಹೋಯಿತು. ಆದರೆ ಅಂಥ ಅರ್ಧ ಗಂಟೆಗಳಿಗೆ ಸಮಯ ಕೊಡದೆ ಜೊತೆ ಕೆಲಸ ಸಾಧ್ಯವೇ ಇಲ್ಲ.

ಮೂರನೆಯದು ವ್ಯವಸ್ಥೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಜೀವವಿಜ್ಞಾನ ಮತ್ತು ಎಂಜಿನಿಯರಿಂಗ್ ಬೆಸೆಯುವ ವಿಭಾಗದಲ್ಲಿ ಪಿಎಚ್.ಡಿ. ವಿದ್ಯಾರ್ಥಿಗೆ ಎರಡೂ ಕಡೆಯಿಂದ ಒಬ್ಬೊಬ್ಬ ಮಾರ್ಗದರ್ಶಕರು. ಉಳಿದ ವಿಶ್ವವಿದ್ಯಾಲಯಗಳೂ ಇದನ್ನು ಮಾಡಬಹುದು, ಹೆಚ್ಚು ಖರ್ಚೇನೂ ಇಲ್ಲ. ಪ್ರಬಂಧದಲ್ಲಿ ಯಾರ ಹೆಸರು ಮೊದಲು, ಅನುದಾನ ಯಾವ ವಿಭಾಗದ ಲೆಕ್ಕಕ್ಕೆ ಅನ್ನೋದನ್ನು ಮೊದಲ ದಿನವೇ ಬರೆದಿಟ್ಟರೆ ಅರ್ಧ ಜಗಳ ಕಡಿಮೆ.

ಎಲ್ಲಕ್ಕಿಂತ ಮುಖ್ಯ, ನೇಮಕಾತಿ ನಿಯಮ ಬದಲಾಗಬೇಕು. ಎರಡು ವಿಷಯ ಕಲಿತವರಿಗೆ ಎರಡೂ ಬಾಗಿಲು ಮುಚ್ಚಿದರೆ ಮುಂದಿನ ಬ್ಯಾಚಿನ ಯಾವ ಜಾಣ ವಿದ್ಯಾರ್ಥಿ ಈ ದಾರಿ ಹಿಡಿದಾನು? ಭಾಷಣ ಕೇಳಿ ಯಾರೂ ಬರಲ್ಲ. ಮೊದಲು ಹೋದವರಿಗೆ ಕೆಲಸ ಸಿಕ್ಕಿದ್ದು ನೋಡಿ ಬರ್ತಾರೆ.