ಹವಾಮಾನ ನೀತಿಯಲ್ಲಿ ನ್ಯಾಯ ಮತ್ತು ಅಭಿವೃದ್ಧಿ: ಕೂಡಗಿಯ ನೆಲದಿಂದ ಒಂದು ದೇವಶಾಸ್ತ್ರೀಯ ವಿಚಾರ

ಹವಾಮಾನ ಬದಲಾವಣೆಯ ಕುರಿತ ಅಂತಾರಾಷ್ಟ್ರೀಯ ಮಾತುಕತೆಗಳಲ್ಲಿ ಭಾರತವು ಆರಂಭದಿಂದಲೂ ನ್ಯಾಯದ ಮಾತನ್ನೇ ಮುಂದಿಟ್ಟಿದೆ. ಭೂಮಿಯನ್ನು ಬಿಸಿಮಾಡಿದ ಹೊಗೆಯ ಬಹುಪಾಲು ಮೊದಲು ಕೈಗಾರಿಕೀಕರಣಗೊಂಡ ದೇಶಗಳದ್ದು. ಆದುದರಿಂದ ಭಾರವನ್ನು ಹೊರುವುದರಲ್ಲಿಯೂ ಅವು ಮುಂದಾಗಬೇಕು ಎಂಬುದು ಅದರ ವಾದ. 1992ರಲ್ಲಿ ಅಂಗೀಕೃತವಾದ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯು ಈ ವಾದವನ್ನು ತತ್ತ್ವವಾಗಿಯೇ ಒಪ್ಪಿಕೊಂಡಿತು. ಹೊಣೆ ಎಲ್ಲರಿಗೂ ಸೇರಿದ್ದು, ಆದರೆ ಎಲ್ಲರ ಹೊಣೆಯೂ ಸಮನಲ್ಲ; ಅದು ಆಯಾ ದೇಶದ ಸಾಮರ್ಥ್ಯಕ್ಕೆ ತಕ್ಕಂತೆ ಇರಬೇಕು ಎಂಬುದೇ ಆ ತತ್ತ್ವ.

ಈ ತತ್ತ್ವದ ಹಿಂದೆ ಮೂರು ಪ್ರಶ್ನೆಗಳಿವೆ. ಕೇಡಿಗೆ ಕಾರಣರಾದವರು ಯಾರು? ಅದನ್ನು ಸರಿಪಡಿಸುವ ಶಕ್ತಿ ಯಾರಿಗಿದೆ? ಅದರ ಪೆಟ್ಟು ಬೀಳುತ್ತಿರುವುದು ಯಾರ ಮೇಲೆ? ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅವರು 1991ರಲ್ಲಿ ಈ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿದರು. ಬಡವನ ಹೊಟ್ಟೆಪಾಡಿನ ಹೊಗೆಯನ್ನೂ ಸಿರಿವಂತನ ಭೋಗದ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು ಅವರು ಕೇಳಿದರು. ಇಂದಿಗೂ ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್. ಅಮೆರಿಕದ ಪ್ರಜೆಯ ಪಾಲು ಸುಮಾರು 14 ಟನ್. 1997ರ ಕ್ಯೋಟೊ ಒಪ್ಪಂದವು ಮುಂದುವರಿದ ದೇಶಗಳಿಗೆ ಮಾತ್ರ ಕಡಿತದ ಗುರಿಯನ್ನು ವಿಧಿಸಿತ್ತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿಯೊಂದು ದೇಶವೂ ತನ್ನ ಗುರಿಯನ್ನು ತಾನೇ ಘೋಷಿಸುವ ಕ್ರಮ ಬಂತು. 2022ರಲ್ಲಿ ಹವಾಮಾನದ ನಷ್ಟ ಮತ್ತು ಹಾನಿಗೆ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಲು ಒಪ್ಪಿಗೆ ದೊರೆಯಿತು. ನ್ಯಾಯದ ಮಾತು ಬಿಟ್ಟುಹೋಗಿಲ್ಲ. ಆದರೆ ಅದು ದೇಶದೇಶಗಳ ನಡುವಿನ ಮಾತಾಗಿಯೇ ಉಳಿದಿದೆ.

ಇದೇ ಮೂರು ಪ್ರಶ್ನೆಗಳನ್ನು ಬಸವನ ಬಾಗೇವಾಡಿಯ ಸೀಮೆಗೆ ತಂದು ಕೇಳಿದರೆ ಏನಾಗುತ್ತದೆ? ಇದು ಎರೆಮಣ್ಣಿನ, ಬಿಳಿಜೋಳದ, ಮಳೆ ನೆಚ್ಚಿದ ನಾಡು. ಮಳೆ ಕೈಕೊಟ್ಟ ವರ್ಷ ಇಲ್ಲಿಯೂ ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿಯೂ ಕುಟುಂಬಗಳು ಗುಳೆ ಹೋಗುವುದು ಹೊಸದಲ್ಲ. ಇಂತಹ ಸೀಮೆಯಲ್ಲಿ, ಆಗ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಕೂಡಗಿಯಲ್ಲಿ, 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವು ತಲೆಯೆತ್ತಿತು. ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರುತ್ತದೆ. ನೀರು ಆಲಮಟ್ಟಿಯ ಜಲಾಶಯದ್ದು. ವಿದ್ಯುತ್ತು ಕರ್ನಾಟಕಕ್ಕೂ ದಕ್ಷಿಣದ ಇತರ ರಾಜ್ಯಗಳಿಗೂ ಹರಿಯುತ್ತದೆ. ಬೂದಿ ಮಾತ್ರ ಇಲ್ಲಿಯೇ ಉಳಿಯುತ್ತದೆ. ಫಲವತ್ತಾದ ಹೊಲಗಳೂ ನೀರೂ ಹಾಳಾಗುವುವೆಂದು ರೈತರು ವಿರೋಧಿಸಿದರು. 2014ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಯೋಜನೆಯ ಪರಿಸರ ಅನುಮತಿಯನ್ನು ಅಮಾನತಿನಲ್ಲಿಟ್ಟು ಮರುಪರಿಶೀಲನೆಗೆ ಕಳುಹಿಸಿತು. ಅದೇ ವರ್ಷದ ಜುಲೈನಲ್ಲಿ ಪ್ರತಿಭಟನೆಯ ವೇಳೆ ಪೊಲೀಸರು ಗುಂಡು ಹಾರಿಸಿದರು; ರೈತರು ಗಾಯಗೊಂಡರು. ಕೊನೆಗೂ ಸ್ಥಾವರವು ಪೂರ್ಣಗೊಂಡು ವಿದ್ಯುತ್ತನ್ನು ಉತ್ಪಾದಿಸತೊಡಗಿತು.

ಭಾರತವು ಜಗತ್ತಿನ ಮುಂದೆ ಹೇಳುವ ಮಾತನ್ನೇ ಈ ರೈತನೂ ಭಾರತದ ಮುಂದೆ ಹೇಳಬಲ್ಲನು. ಲಾಭ ಒಬ್ಬರಿಗೆ, ಭಾರ ಇನ್ನೊಬ್ಬರಿಗೆ ಎಂಬುದು ದೇಶಗಳ ನಡುವೆ ಅನ್ಯಾಯವಾದರೆ ಜಿಲ್ಲೆಗಳ ನಡುವೆಯೂ ಅನ್ಯಾಯವೇ. ಹಾಗೆಂದು ವಿದ್ಯುತ್ತೇ ಬೇಡವೆನ್ನಲಾಗದು. ಪಂಪ್‌ಸೆಟ್ಟಿಗೂ ಆಸ್ಪತ್ರೆಗೂ ಶಾಲೆಗೂ ಅದು ಬೇಕು. ಅಭಿವೃದ್ಧಿಯ ಹಕ್ಕು ನಿಜವಾದ ಹಕ್ಕು. ಆದರೆ ಆ ಹಕ್ಕು ಬಡವರ ಹೆಸರಿನಲ್ಲಿ ಕೇಳಲ್ಪಡುವುದರಿಂದ, ಬಡವರಿಗೆ ಅದು ತಲುಪಿತೇ ಎಂಬುದೇ ಅದರ ಪರೀಕ್ಷೆ.

ಇಲ್ಲಿ ಸತ್ಯವೇದವು ನಮ್ಮ ಆಲೋಚನೆಗೆ ನೆರವಾಗುತ್ತದೆ. ನಾಬೋತನ ದ್ರಾಕ್ಷಿತೋಟದ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಕೊಲೆಯ ಕಥೆಯಾಗಿ ಓದುತ್ತೇವೆ. ಆದರೆ ಅರಸನಾದ ಅಹಾಬನು ಮೊದಲು ಮುಂದಿಟ್ಟದ್ದು ಪರಿಹಾರವನ್ನು: ಇನ್ನೂ ಒಳ್ಳೆಯ ತೋಟ, ಇಲ್ಲವೆ ಹಣ. ಬೆಲೆಯಲ್ಲಿ ಅನ್ಯಾಯವಿರಲಿಲ್ಲ. ಪಿತ್ರಾರ್ಜಿತ ಭೂಮಿಯನ್ನು ಕೊಡಲಾರೆನೆಂಬ ಉತ್ತರಕ್ಕೆ ಆ ಅರಮನೆಯಲ್ಲಿ ಸ್ಥಳವಿಲ್ಲದೆ ಹೋದಾಗ ಅನ್ಯಾಯವು ಆರಂಭವಾಯಿತು. ವಿದ್ಯುತ್ ಸ್ಥಾವರವು ಅರಸನ ಕಾಯಿಪಲ್ಯದ ತೋಟವಲ್ಲ, ಅದು ಸಾರ್ವಜನಿಕ ಅಗತ್ಯ. ಆದರೂ ಪರಿಹಾರದ ಮೊತ್ತವೊಂದೇ ನ್ಯಾಯವಲ್ಲ, ಕೇಳಿಸಿಕೊಳ್ಳುವುದೂ ನ್ಯಾಯದ ಭಾಗವೆಂಬ ಪಾಠವು ಉಳಿಯುತ್ತದೆ.

ಯಾಜಕಕಾಂಡದ 25ನೆಯ ಅಧ್ಯಾಯವು ಇನ್ನೊಂದು ದಾರಿಯನ್ನು ತೋರಿಸುತ್ತದೆ. ಭೂಮಿಯು ದೇವರದ್ದಾದುದರಿಂದ ಅದನ್ನು ಶಾಶ್ವತವಾಗಿ ಮಾರುವಂತಿಲ್ಲ. ಮಾರಾಟವಾಗುವುದು ಜೂಬಿಲಿ ಸಂವತ್ಸರದವರೆಗಿನ ಬೆಳೆಗಳ ಸಂಖ್ಯೆ ಮಾತ್ರ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸ್ಥಾಪಿತವಾದ 2,050 ಮೆಗಾವಾಟ್ ಸೌರ ಉದ್ಯಾನವು ಈ ನಿಯಮಕ್ಕೆ ಅಚ್ಚರಿಯಷ್ಟು ಹತ್ತಿರವಾಗಿದೆ. ಅಲ್ಲಿ ಭೂಮಿಯನ್ನು ಕೊಳ್ಳಲಿಲ್ಲ. 28 ವರ್ಷಗಳ ಗುತ್ತಿಗೆಗೆ ಪಡೆದು ವರ್ಷವರ್ಷವೂ ಬಾಡಿಗೆ ಕೊಡುವ ಏರ್ಪಾಡಾಯಿತು. ಒಡೆತನವು ರೈತನಲ್ಲಿಯೇ ಉಳಿಯಿತು. ಆದರೆ ಬಾಡಿಗೆಯು ಭೂಮಿಯುಳ್ಳವನಿಗೆ ಮಾತ್ರ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನನಿಗೆ ಕೂಲಿಯೂ ಹೋಯಿತು, ಬಾಡಿಗೆಯೂ ಇಲ್ಲ. ಹೊಲದ ಮೂಲೆಯನ್ನು ಕೊಯ್ಯದೆ ಬಿಟ್ಟು ಬಡವನಿಗೂ ಪರದೇಶಸ್ಥನಿಗೂ ಹಕ್ಕಲಾಯುವ ಅವಕಾಶವನ್ನು ಕೊಡಬೇಕೆಂಬ ಆಜ್ಞೆಯು ಅದೇ ಯಾಜಕಕಾಂಡದಲ್ಲಿದೆ. ಹೊಗೆಯಿಲ್ಲದ ವಿದ್ಯುತ್ತೂ ತಾನಾಗಿಯೇ ನ್ಯಾಯವಾದ ವಿದ್ಯುತ್ತಲ್ಲ.

ಅರಣ್ಯದ ಮನ್ನವನ್ನು ಹೆಚ್ಚು ಕೂಡಿಸಿಕೊಂಡವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿಕೊಂಡವನಿಗೆ ಕೊರತೆಯಾಗಲಿಲ್ಲ. ಮರುದಿನಕ್ಕೆ ಅಡಗಿಸಿಟ್ಟದ್ದು ಹುಳಬಿದ್ದಿತು. ಪೌಲನು ಕೊರಿಂಥದ ಸಭೆಗೆ ಬರೆಯುವಾಗ ಈ ಪ್ರಸಂಗವನ್ನೇ ಆಧಾರವಾಗಿಟ್ಟು ಸಭೆಗಳ ನಡುವೆ ಸಮಾನತೆಯಿರಲಿ ಎಂದು ವಾದಿಸುತ್ತಾನೆ. ಅವನ ವಾದವು ದೂರದ ಯೆರೂಸಲೇಮಿನ ಬಡವರನ್ನು ಕುರಿತದ್ದು; ಆದರೆ ಅದಕ್ಕೆ ಬೆಲೆ ಬರುವುದು ಕೊರಿಂಥದವರ ಸ್ವಂತ ಕೈಯಿಂದ ಕೊಟ್ಟಾಗಲೇ. ಹವಾಮಾನ ನ್ಯಾಯವೂ ಅಂಥದ್ದೇ. ದುಡಿಮೆಯನ್ನು ಕಾಯಕವೆಂದೂ ಹಂಚಿಕೊಳ್ಳುವುದನ್ನು ದಾಸೋಹವೆಂದೂ ಕರೆದ ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಜನರಿಗೆ ಈ ಮಾತು ಹೊರಗಿನದೆನಿಸದು.

ಆದುದರಿಂದ ಸಭೆಯು ಎರಡು ಕಡೆಯೂ ಮಾತನಾಡಬೇಕು. ಐಶ್ವರ್ಯವುಳ್ಳ ದೇಶಗಳ ಸಭೆಗಳೊಡನೆ ತನಗಿರುವ ಸಂಬಂಧದ ಮೂಲಕ ಅವುಗಳ ಸಾಲವನ್ನು ನೆನಪಿಸಬೇಕು. ನಮ್ಮ ನಾಡಿನಲ್ಲಿ ಯೋಜನೆಯೊಂದು ಬಂದಾಗ ಸಾರ್ವಜನಿಕ ಆಲಿಕೆಯಲ್ಲಿ ಭೂಹೀನನ ಮಾತೂ ದಾಖಲಾಗುವಂತೆ ನೋಡಿಕೊಳ್ಳಬೇಕು. ಬೂದಿ, ನೀರು, ಉದ್ಯೋಗಗಳ ಕುರಿತ ವಾಗ್ದಾನಗಳು ನೆರವೇರಿದವೇ ಎಂದು ವರ್ಷವರ್ಷವೂ ವಿಚಾರಿಸಬೇಕು. ಮುಂದೊಂದು ದಿನ ಕಲ್ಲಿದ್ದಲಿನ ಸ್ಥಾವರಗಳು ಮುಚ್ಚುವಾಗ ಅವುಗಳನ್ನೇ ನೆಚ್ಚಿದ ಕಾರ್ಮಿಕರಿಗೆ ಏನು ದಾರಿ ಎಂಬುದನ್ನೂ ಈಗಲೇ ಕೇಳಬೇಕು. ಅಂತಾರಾಷ್ಟ್ರೀಯ ಮೇಜಿನ ಮುಂದೆ ನಾವು ಬೇಡುವ ನ್ಯಾಯದ ಅಳತೆಯಿಂದಲೇ ಕೂಡಗಿಯ ಹೊಲಕ್ಕೂ ಅಳೆದು ಕೊಟ್ಟಾಗ ನಮ್ಮ ಬೇಡಿಕೆಗೆ ನೈತಿಕ ಬಲವು ದೊರೆಯುತ್ತದೆ.