ಮಿತದರದ ಇಯರ್‌ಫೋನ್ ಕೊಳ್ಳುವಾಗ

ನಮ್ಮ ಕಕ್ಷಿದಾರರೊಬ್ಬರು ದೂರವಾಣಿಯಲ್ಲಿ ‘ಎಪ್ಪತ್ತು’ ಎಂದುದನ್ನು ‘ಎಂಬತ್ತು’ ಎಂದು ಕೇಳಿಸಿಕೊಂಡು ಹತ್ತು ಪೆಟ್ಟಿಗೆ ಸರಕನ್ನು ಹೆಚ್ಚಾಗಿ ರವಾನಿಸಿ, ಹಿಂದಿರುಗಿದ ಲಾರಿಯ ಬಾಡಿಗೆಯನ್ನೂ ತಾವೇ ತೆತ್ತರು. ಇಯರ್‌ಫೋನ್ ಕಿವಿಯಲ್ಲಿ ಸಡಿಲವಾಗಿದ್ದುದೇ ಕಾರಣ.

ಸಿಲಿಕೋನ್ ತುದಿಯು ಕಿವಿನಾಳವನ್ನು ಪೂರ್ಣವಾಗಿ ಮುಚ್ಚದಿದ್ದರೆ ಮಂದ್ರಸ್ವರ ಸೋರಿಹೋಗಿ ಹೊರಗಿನ ಗದ್ದಲ ಒಳನುಗ್ಗುತ್ತದೆ. ಬೆಲೆ ಹೆಚ್ಚಿದ್ದರೂ ಇದು ತಪ್ಪದು. ಆದುದರಿಂದ ಮೂರು ಅಳತೆಯ ತುದಿಗಳನ್ನು ಜೊತೆಗೆ ಕೊಡುವುದನ್ನೇ ಆರಿಸಿ, ಪರಿಚಿತ ಹಾಡೊಂದನ್ನು ಹಾಕಿ, ಗಾಯಕರ ಉಚ್ಚಾರ ಸ್ಪಷ್ಟವಿದೆಯೇ ಎಂದು ಪರೀಕ್ಷಿಸತಕ್ಕದ್ದು. (ಅಂಗಡಿಯವರು ಕೇಳಿಸುವ ಢಂ ಢಂ ಸದ್ದಿಗೆ ಮರುಳಾಗಬಾರದು.) ಪೆಟ್ಟಿಗೆಯ ಮೇಲಿನ ‘20ರಿಂದ 20,000 ಹರ್ಟ್ಸ್’ ಎಂಬ ನಮೂದಿನಲ್ಲಿ ಏರಿಳಿತದ ಡೆಸಿಬಲ್ ಮಿತಿ ಇಲ್ಲದಿದ್ದರೆ ಅದರಿಂದ ಏನೂ ತಿಳಿಯದು.

ವ್ಯವಹಾರಕ್ಕಾಗಿ ಕೊಳ್ಳುವ ನೋಂದಾಯಿತ ವರ್ತಕರು ತಮ್ಮ ಜಿಎಸ್‌ಟಿ ಸಂಖ್ಯೆಯುಳ್ಳ ತೆರಿಗೆ ಬಿಲ್ಲನ್ನೇ ಪಡೆಯಬೇಕು; ಬಿಲ್ಲಿಲ್ಲದೆ ಇನ್‌ಪುಟ್ ತೆರಿಗೆ ಜಮೆ ದೊರೆಯದು.